ಸೋಮಾರಿಯಾ ಹಾಸಿಗೆನ್ಸಿಸ್

ಲ್ಯಾಟಿನ್ ಕಲಿಯಲು ಜನ ಹತ್ತು ವರ್ಷ ತೆಗೆದುಕೊಳ್ಳುತ್ತಾರಂತೆ. ನಾನು ಒಂದು ಭಾನುವಾರ ಬೆಳಿಗ್ಗೆ, ಕಾಫಿ ಆರುವುದರೊಳಗೆ ಮುಗಿಸಿಬಿಟ್ಟೆ! ಯಾವ ಪದವಾದರೂ ಸರಿ, ಬಾಲಕ್ಕೊಂದು ‘ಅಸ್’ ಅಥವಾ ‘ಎನ್ಸಿಸ್’ ಅಂಟಿಸಿದರಾಯಿತು. ನನ್ನ ಕಾದಂಬರಿಯ ನಾಯಕ ಸಸ್ಯವಿಜ್ಞಾನಿ. ಅವನು ಕಂಡುಹಿಡಿಯುವ ಮೂವತ್ತು ಗಿಡಗಳಿಗೆ, ಓದುಗ ನಗುತ್ತಲೇ ನಂಬುವಂಥ ಹೆಸರುಗಳು ಬೇಕಿದ್ದವು.

ಹೆಸರು ಕಾಗದದ ಮೇಲಿದ್ದರೆ ಸಾಲದು, ಗಿಡದ ಪಕ್ಕ ಹೇಗೆ ಕಾಣುತ್ತದೆಂದು ನೋಡಬೇಕು ಎಂಬ ಘನ ಆಲೋಚನೆ ಹೊಳೆದದ್ದು ಆಗಲೇ. ಹೆಂಡತಿ ನಡೆಸುವ ನರ್ಸರಿ ಮನೆಯ ಹಿತ್ತಲಲ್ಲೇ ಇದೆ. ಅವಳು ಗೊಬ್ಬರ ತರಲು ಹೋದದ್ದೇ ತಡ, ಕುಂಡಗಳಲ್ಲಿ ಚುಚ್ಚಿದ್ದ ಹೆಸರಿನ ಪಟ್ಟಿಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು ನಾನು ಬರೆದವನ್ನು ನೆಟ್ಟೆ. ಕಳ್ಳಿಗೆ ‘ಮುಳ್ಳೋಫೈಟಮ್ ಚುಚ್ಚಾನಸ್’. ನೆಲ ಬಿಟ್ಟು ಮೇಲೇಳದ ಬಳ್ಳಿಗೆ ‘ಸೋಮಾರಿಯಾ ಹಾಸಿಗೆನ್ಸಿಸ್’. ಬೇಲಿಯಾಚೆ ಇಣುಕುವ ಇನ್ನೊಂದಕ್ಕೆ ‘ಕುತೂಹಲಿಯಾ ಪಕ್ಕದಮನೆನ್ಸಿಸ್’. ನನ್ನ ಬೆನ್ನು ನಾನೇ ತಟ್ಟಿಕೊಂಡೆ! ಅವಳು ಬರುವುದರೊಳಗೆ ಎಲ್ಲವನ್ನೂ ಮೊದಲಿನಂತೆ ಮಾಡಿಡಬೇಕೆಂದುಕೊಂಡವನು, ಹೊಸ ಅಧ್ಯಾಯ ಹೊಳೆಯಿತೆಂದು ಒಳಗೆ ಹೋಗಿ ಕುಳಿತು ಮರೆತೇಬಿಟ್ಟೆ.

ನೆನಪಾದದ್ದು ಹಿತ್ತಲಲ್ಲಿ ಯಾರೋ ಹೆಂಗಸು ಗಂಭೀರವಾಗಿ ‘ಸೋಮಾರಿಯಾ’ ಎಂದು ಓದಿದ್ದು ಕೇಳಿದಾಗ. ಕಿಟಕಿಯಿಂದ ನೋಡುತ್ತೇನೆ, ಹೆಂಡತಿಯ ಜೊತೆ ಹೊಸ ಆಸ್ಪತ್ರೆಯ ತೋಟದ ಮೇಲ್ವಿಚಾರಕಿ! ನಾನೂರು ಗಿಡಗಳ ಆರ್ಡರು. ಅದಕ್ಕಾಗಿ ನನ್ನವಳು ಆರು ತಿಂಗಳು ಅಲೆದಿದ್ದಳು. ಇದೂ ಕೈತಪ್ಪಿದರೆ ನರ್ಸರಿ ಮುಚ್ಚುವುದೇ ಎಂದು ಹಿಂದಿನ ದಿನವಷ್ಟೇ ಹೇಳಿದ್ದಳು. ಓಡಿದೆ. ನೀರಿನ ಪೈಪು ಕಾಲಿಗೆ ಸಿಕ್ಕಿ, ಮೇಲ್ವಿಚಾರಕಿಯ ಪಾದದ ಬಳಿ ಸಾಷ್ಟಾಂಗ ಬಿದ್ದೆ. ಜೇಬಿನಲ್ಲಿದ್ದ ಅಸಲಿ ಪಟ್ಟಿಗಳೆಲ್ಲ ಚೆಲ್ಲಾಪಿಲ್ಲಿಯಾದವು.

“ಇವರು ಯಾರು?” ಎಂದರು ಆಕೆ.

“ನಮ್ಮ ಯಜಮಾನ್ರು,” ಎಂದಳು ಹೆಂಡತಿ. “ಕಾದಂಬರಿ ಬರೀತಾರೆ. ಈ ಹೆಸರುಗಳೆಲ್ಲ ಅವರದೇ, ಒಂದೂ ನಿಜ ಅಲ್ಲ. ಗಿಡಗಳು ನನ್ನವು. ಅವನ್ನ ನೋಡಿ ಹೇಳಿ ಮೇಡಂ.”

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆಕೆ ಎಲೆಗಳನ್ನು ಮಗುಚಿ ನೋಡಿದರು, ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿದರು, ಕೊನೆಗೆ ಆರ್ಡರು ಕೊಟ್ಟೇಬಿಟ್ಟರು. ಹೆಂಡತಿಯ ಕಣ್ಣು ತುಂಬಿದ್ದನ್ನು ಕಂಡು ನನಗೆ ಹೋದ ಜೀವ ಬಂತು. ಹೊರಡುವ ಮುನ್ನ ಆಕೆ ಬಗ್ಗಿ ಕುಂಡದಿಂದ ನನ್ನ ಪಟ್ಟಿಯೊಂದನ್ನು ಎತ್ತಿಕೊಂಡು, ತುಂಬಾ ಚೆನ್ನಾಗಿದೆ ಎಂದು ತಲೆದೂಗಿದರು. ಕೊನೆಗೂ ನನಗೊಬ್ಬರು ಓದುಗರು! ಮೈಮೇಲಿನ ಮಣ್ಣು ಕೊಡವಿಕೊಂಡು, ಯಾವ ಹೆಸರು ಹೆಚ್ಚು ಹಿಡಿಸಿತು ಎಂದು ಅತಿ ವಿನಯದಿಂದ ಕೇಳಿದೆ.

“ಹೆಸರಲ್ಲ, ಅಕ್ಷರ. ಎಷ್ಟು ದುಂಡಗಿದೆ!” ಎಂದವರು ನನ್ನ ಹೆಂಡತಿಯ ಕಡೆ ತಿರುಗಿದರು. “ನಾನೂರು ಗಿಡಕ್ಕೂ ಪಟ್ಟಿ ಇವರ ಕೈಯಲ್ಲೇ ಬರೆಸಿ. ಏನು ಬರೀಬೇಕು ಅನ್ನೋದು ಮಾತ್ರ ನೀವೇ ಹೇಳಿ.”