ಅತ್ತೆಯೂ ಬೀಳದ ಹಿಮವೂ

ರೋಣ ತಾಲೂಕಿನಲ್ಲಿ ಹಿಮ ಬೀಳುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಇದರ ಬಗ್ಗೆ ಈವರೆಗೆ ಯಾರೂ ತಕರಾರು ತೆಗೆದವರಲ್ಲ, ನಮ್ಮ ಅತ್ತೆಯೊಬ್ಬರನ್ನು ಬಿಟ್ಟು! ಡಿಸೆಂಬರ್ ಬಂತೆಂದರೆ ಅವರು ಅಂಗಳಕ್ಕೆ ಬಂದು ಆಕಾಶದ ಕಡೆ ನೋಡುತ್ತಾರೆ, ಹೊತ್ತು ಮೀರಿ ಬಂದ ಹಾಲಿನವನನ್ನು ನೋಡುವ ಹಾಗೆ.

ಅತ್ತೆ ಎಂದರೆ ನನ್ನ ಗಂಡನ ತಾಯಿಯಲ್ಲ. ಅವರ ಬಗ್ಗೆ ಬರೆಯುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ಇವರು ನಮ್ಮಪ್ಪನ ಅಕ್ಕ. ರೋಣದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಟೀಚರಾಗಿ ಸೀಟಿ ಊದಿ ನಿವೃತ್ತರಾದವರು. ಆ ಸೀಟಿಗೆ ಮೈದಾನದ ಹುಡುಗಿಯರಷ್ಟೇ ಅಲ್ಲ, ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದ ಎಮ್ಮೆಗಳೂ ಎಡಕ್ಕೆ ಸರಿದು ಸಾಲಾಗಿ ನಿಲ್ಲುತ್ತಿದ್ದವು ಎಂದು ನಮ್ಮಪ್ಪ ಆಣೆ ಮಾಡಿ ಹೇಳುತ್ತಾರೆ.

ಅತ್ತೆ ಕಾಲೇಜಿನಲ್ಲಿದ್ದಾಗ, ಇಪ್ಪತ್ತನೆಯ ವಯಸ್ಸಿನಲ್ಲಿ, ಯಾವುದೋ ಶಿಬಿರಕ್ಕೆಂದು ಹಿಮಾಚಲಕ್ಕೆ ಹೋಗಿದ್ದರು. ಅಲ್ಲಿ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದನ್ನು ಕಲಿತರು. ಅದಕ್ಕೆ ಸ್ಕೀಯಿಂಗ್ ಎನ್ನುತ್ತಾರೆ. ಆಮೇಲೆ ನೌಕರಿ, ಮದುವೆ, ಮನೆ. ಎಲ್ಲರೂ ಆ ಶಿಬಿರವನ್ನು ಮರೆತರು. ಅತ್ತೆ ಮರೆತಿರಲಿಲ್ಲ. ನಲವತ್ತರ ಹತ್ತಿರ ಬಂದಾಗ ಒಂದು ದಿನ ಊಟಕ್ಕೆ ಕೂತ ಗಂಡನ, ಅಂದರೆ ನಮ್ಮ ಮಾಮಾನ, ತಾಟಿಗೆ ರೊಟ್ಟಿ ಹಾಕುತ್ತ ಸುದ್ದಿ ಮುಟ್ಟಿಸಿದರಂತೆ.

“ಸಂಕ್ರಾಂತಿ ಮುಗದ ಕೂಡ್ಲೆ ನಾ ಹಿಮಾಚಲಕ್ಕ ಹೊಂಟೀನ್ರಿ.”

“ಯಾಕ?”

“ಜಾರಾಕ.”

ಮಾಮಾ ತುತ್ತು ನುಂಗಿ, ಸ್ವಲ್ಪ ಹೊತ್ತು ವಿಚಾರ ಮಾಡಿ, “ಜಾರಾಕ ಅಷ್ಟು ದೂರ ಯಾಕ ಹೋಗ್ತಿ? ನಮ್ಮ ಬಚ್ಚಲಮನಿ ಐತೆಲ್ಲ!” ಎಂದರು.

ಅತ್ತೆ ಹೋದರು. ಅಂದಿನಿಂದ ಪ್ರತಿ ವರ್ಷ ಹೋದರು. ಇಡೀ ವರ್ಷ ಜ್ವರ ಬಂದರೂ ಶಾಲೆಗೆ ರಜೆ ಹಾಕದೆ ಉಳಿಸಿ, ಆ ಹತ್ತು ದಿನ ಹಿಮಾಚಲದ ಒಂದು ಸಣ್ಣ ಹಳ್ಳಿಯಲ್ಲಿ ಇದ್ದು ಬರುತ್ತಿದ್ದರು. ಮಾಮಾ ಒಮ್ಮೆಯೂ ಜೊತೆಗೆ ಹೋದವರಲ್ಲ. ಅವರದು ಬೆಳವಣಕಿಯಲ್ಲಿ ಕಪ್ಪು ಮಣ್ಣಿನ ಎರಿ ಹೊಲ. ಹಿಮ ಬೀಳುವುದೂ ಕಡಲೆ ಕೀಳುವುದೂ ಒಂದೇ ಹಂಗಾಮಿನಲ್ಲಿ. ಎರಡರಲ್ಲಿ ಯಾವುದು ಮುಖ್ಯ ಎಂದು ಮಾಮಾನನ್ನು ಕೇಳುವುದೂ ಬೇಡ, ಅತ್ತೆಯನ್ನು ಕೇಳುವುದಂತೂ ಬೇಡವೇ ಬೇಡ!

ಸ್ಕೀಯಿಂಗ್ ಎನ್ನುವ ಮಾತು ರೋಣದ ಕಿವಿಗೆ ಬೀಳುವಷ್ಟರಲ್ಲಿ ‘ಸ್ಕೀಮು’ ಆಗಿಬಿಡುತ್ತದೆ. ಒಮ್ಮೆ ಅತ್ತೆ ಎಲ್ಲಿ ಎಂದು ಯಾರೋ ಕೇಳಿದ್ದಕ್ಕೆ ಮಾಮಾ, “ಸ್ಕೀಂಗಿಗೆ ಹೋಗ್ಯಾಳ” ಎಂದುಬಿಟ್ಟರು. ಅತ್ತೆ ವಾಪಸು ಬಂದ ದಿನ ಓಣಿಯ ಅರ್ಧ ಹೆಣ್ಣುಮಕ್ಕಳು ಆಧಾರ್ ಕಾರ್ಡಿನ ಝೆರಾಕ್ಸ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅತ್ತೆ ಹಿಮ, ಗುಡ್ಡ, ಹಲಗೆ ಎಂದು ಎಷ್ಟು ಬಿಡಿಸಿ ಹೇಳಿದರೂ ಒಬ್ಬಾಕೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. “ಯಾವ ಸ್ಕೀಮರ ಇರ್ಲಿ ಬಿಡ್ರಿ ಅಕ್ಕೋರ, ನಂದೂ ಒಂದು ಹೆಸರು ಬರಕೋರಿ.”

ಆ ಹಲಗೆಗಳ ಕಥೆಯೇ ಬೇರೆ. ಆಳೆತ್ತರದ, ಮುಂದಿನ ತುದಿ ಮೇಲಕ್ಕೆ ಬಾಗಿದ, ಕೆಂಪು ಬಣ್ಣದ ಜೋಡಿ. ಒಮ್ಮೆ ಅವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗದಗಿನ ಬಸ್ಸು ಹತ್ತಿದಾಗ ಕಂಡಕ್ಟರ್ ತಡೆದು, “ಏನ್ರಿ ಅಕ್ಕೋರ ಇದು, ಬಾಗಲದ ಚೌಕಟ್ಟೇನು?” ಎಂದ.

“ಅಲ್ಲಪಾ. ಕಾಲಿಗೆ ಕಟಗೊಂಡು ಬರ್ಫಿನ ಮ್ಯಾಲ ಹೋಗೂವಂಥಾದ್ದು.”

ಕಂಡಕ್ಟರನಿಗೆ ಪೇಚಾಟಕ್ಕಿಟ್ಟುಕೊಂಡಿತು. “ಹಂಗಾರ ಇದಕ್ಕ ಟಿಕೀಟು ಲಗೇಜ್ ಅಂತ ಹರೀಲೋ, ಗಾಡಿ ಅಂತ ಹರೀಲೋ?”

ಈ ವರ್ಷ ಮಾತ್ರ ಆ ಹಲಗೆಗಳು ಬಸ್ಸು ಹತ್ತುವ ಲಕ್ಷಣ ಕಾಣಲಿಲ್ಲ. ಹಿಮಾಚಲದಲ್ಲಿ ಹಿಮವೇ ಬಿದ್ದಿರಲಿಲ್ಲ!

ಅಲ್ಲಿ ಅತ್ತೆ ಇಳಿದುಕೊಳ್ಳುವ ಮನೆಯಾಕೆಗೆ ಡಿಸೆಂಬರ್ ಮೊದಲ ವಾರದಿಂದಲೇ ದಿನಾ ಬೆಳಿಗ್ಗೆ ಫೋನು ಹೋಗತೊಡಗಿತು. ಅತ್ತೆಯ ಹಿಂದಿ ರೋಣದ ಸಂತೆಯಲ್ಲಿ ಕಲಿತದ್ದು. “ಬರಫ್ ಗಿರ್ಯಾ ಕ್ಯಾ?” ಎಂದು ಇವರು ಕೂಗುವುದು, “ನಹೀ ದೀದಿ” ಎಂದು ಅವಳು ಅಲ್ಲಿಂದ ನಿಟ್ಟುಸಿರಿಡುವುದು. ಒಂದು ದಿನ ಫೋನಿನಲ್ಲೇ ಆ ಇಳಿಜಾರನ್ನು ತೋರಿಸಿದಳು. ಬೋಳು ಗುಡ್ಡ, ಕಂದು ಹುಲ್ಲು, ನಡುವೆ ಎರಡು ಕತ್ತೆ. ಅತ್ತೆ ಬಹಳ ಹೊತ್ತು ನೋಡಿದರು. “ಇದನ್ನ ನೋಡಾಕ ಅಲ್ಲೀತನ ಯಾಕ ಹೋಗಬೇಕವಾ? ಗಜೇಂದ್ರಗಡದಾಗ ಇಲ್ಲೇನು?” ಎಂದು ನನ್ನ ಕೈಗೆ ಫೋನು ಕೊಟ್ಟು ಒಳಗೆ ಹೋದರು. ಆ ದಿನ ಅವರು ಚಹಾ ಕುಡಿಯಲಿಲ್ಲ. ಅತ್ತೆ ಚಹಾ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರುದಿನದಿಂದ ದೇವರ ಮೇಲೆ ಒತ್ತಡ ಶುರುವಾಯಿತು. ದೇವರ ಮನೆಯಿಂದ ಅತ್ತೆಯ ದನಿ, “ಮೋಡ ಬರ್ಲಿ ತಂದಿ, ದಟ್ಟ ಮೋಡ ಬರ್ಲಿ.”

ಪಡಸಾಲೆಯಲ್ಲಿ ಕೂತಿದ್ದ ಮಾಮಾ ಹೌಹಾರಿ ಎದ್ದರು. “ಏ, ಏನ್ ಬೇಡಾಕತ್ತಿ? ಕಡ್ಲಿ ಹೂ ಬಿಟ್ಟೈತಿ! ಈಗ ಮೋಡ ಆತಂದ್ರ ಹುಳ ಬೀಳ್ತಾವ.”

“ನಾ ಬೇಡಿದ್ದು ಹಿಮಾಚಲದಾಗ್ರಿ.”

“ಹಂಗಾರ ಊರಿನ ಪತ್ತೆ ಸರಿಯಾಗಿ ಹೇಳು. ತಪ್ಪಿ ಬೆಳವಣಕಿಗೆ ಬಂದಾವು!”

ನಂಬಿದರೆ ನಂಬಿ, ಮೂರನೆಯ ದಿನ ಬೆಳವಣಕಿಯ ಮೇಲೆ ಮೋಡ ಕವಿಯಿತು. ಮೂರು ದಿನ ಕವಿದುಕೊಂಡೇ ಇತ್ತು. ಆ ಮೂರು ದಿನವೂ ಮಾಮಾ ಹೆಂಡತಿಯ ಜೊತೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಪಕ್ಕದ ಮನೆಯಲ್ಲಿರುವ ನಮ್ಮಪ್ಪನ ಮೂಲಕವೇ ಕೇಳಿದರು.

ನಾನು ನರಗುಂದದಲ್ಲಿ ಶಾಲೆಯ ಮಾಸ್ತರಿಕೆ ಮಾಡುವವಳು. ಭಾನುವಾರ ಬಂದರೆ ನಾನೂ ನನ್ನ ಸ್ಕೂಟಿಯೂ ಅತ್ತೆಯ ಸೇವೆಗೆ. ಒಂದು ಭಾನುವಾರ ಹಲಗೆಗಳನ್ನು ಸ್ಕೂಟಿಗೆ ಅಡ್ಡಡ್ಡ ಹಿಡಿದು ಕೂತು, “ನಡಿ, ಜಿನ್ನಿಂಗ್ ಫ್ಯಾಕ್ಟರಿಗೆ” ಎಂದು ಅಪ್ಪಣೆಯಾಯಿತು. ಅರಳೆ ಹಂಗಾಮು, ಹತ್ತಿಯ ಬೀಜ ಬಿಡಿಸುವ ಕಾಲ. ನರಗುಂದದ ಹೊರಗಿನ ಒಂದು ಫ್ಯಾಕ್ಟರಿಯ ಅಂಗಳದಲ್ಲಿ ಅರಳೆಯ ರಾಶಿ ಮನೆಯೆತ್ತರ ಬಿದ್ದಿತ್ತು. ಬೆಳ್ಳಗೆ, ಇಳಿಜಾರಾಗಿ, ಬಿಸಿಲಲ್ಲಿ ಕಣ್ಣಿಗೆ ಹೊಡೆಯುವ ಹಾಗೆ. ಅದನ್ನು ನೋಡುತ್ತಲೇ ಅತ್ತೆಯ ಮುಖದಲ್ಲಿ ಬಂದ ಕಳೆಯನ್ನು ನೋಡಿ ನನಗೆ ಬೇಡ ಎನ್ನಲಾಗಲಿಲ್ಲ.

ಅಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಒಬ್ಬ ಹಿರಿಯ ಮುಸ್ಲಿಂ ಚಾಚಾ. ಅವರ ಇಬ್ಬರು ಹೆಣ್ಣುಮಕ್ಕಳೂ ಅತ್ತೆಯ ಸೀಟಿಗೆ ಓಡಿ ಬೆಳೆದವರು. ಹಾಗಾಗಿ ಚಾಚಾ ಎದುರಾಡಲಿಲ್ಲ. ಒಂದೇ ಮಾತು ಹೇಳಿದರು. “ಅಕ್ಕೋರ, ಆ ಹಲಗಿಗೆ ಕಬ್ಬಿಣ ಐತಿ. ಅರಳಿಯೊಳಗ ಒಂದು ತಿರುಪು ಬಿದ್ದು ಮಷೀನಿಗೆ ಹೋದ್ರ ಕಿಡಿ ಹಾರತೈತಿ, ಫ್ಯಾಕ್ಟರಿನ ಹೊತಗೊಂಡು ಹೋಗತೈತಿ. ಹಲಗಿ ಹೊರಗಿಡ್ರಿ. ಬೇಕಂದ್ರ ನೀವು ಹಂಗ ಹತ್ರಿ.”

ಅತ್ತೆ ಬರಿಗಾಲಲ್ಲಿ ಹತ್ತಿದರು. ಮೇಲೆ ನಿಂತು ಮೊಣಕಾಲು ಬಗ್ಗಿಸಿ, ಕೈ ಮುಂದೆ ಮಾಡಿ, ಜಾರುವ ಪವಿತ್ರ ಭಂಗಿಗೆ ಬಂದರು. ಜಾರಲಿಲ್ಲ. ಇದ್ದಲ್ಲಿಯೇ ಇಳಿದರು! ಮೊದಲು ಮೊಣಕಾಲು ಕಾಣದಾಯಿತು, ಆಮೇಲೆ ಸೊಂಟ. ಕೊನೆಗೆ ರಾಶಿಯ ಮೇಲೆ ಒಂದು ಕುಂಕುಮದ ಬೊಟ್ಟೂ ಒಂದು ಕನ್ನಡಕವೂ ಉಳಿದವು. ನಾಲ್ಕು ಜನ ಹೆಣ್ಣಾಳುಗಳು ಸೇರಿ ಎಳೆದು ತೆಗೆದರು. ಮೈತುಂಬ ಅರಳೆ ಮೆತ್ತಿಕೊಂಡು ನಿಂತ ಅತ್ತೆಗೆ ಚಾಚಾ ಸಮಾಧಾನ ಹೇಳಿದರು. “ನೋಡ್ರಿ, ನಿಮಗ ಅರಳಿ ಮ್ಯಾಲ ಹೋಗಾಕ ಆಗ್ಲಿಲ್ಲ ಖರೇ. ಆದ್ರ ಅರಳಿ ನಿಮ್ಮ ಮ್ಯಾಲ ಚಲೋ ಹತ್ತೈತಿ.”

ಅತ್ತೆ ನಕ್ಕರು. ಆದರೆ ಹೊರಡುವಾಗ ತಿರುಗಿ ಆ ರಾಶಿಯನ್ನು ಮತ್ತೊಮ್ಮೆ ನೋಡಿದ್ದನ್ನು ನಾನು ಸ್ಕೂಟಿಯ ಕನ್ನಡಿಯಲ್ಲಿ ಕಂಡೆ.

ಹೀಗೆ ಸೋತು ಸುಮ್ಮನಾಗುವ ಜಾತಿಯೇ ಅದು? ಗ್ಯಾರೇಜಿನ ಮಿಸ್ತ್ರಿಯನ್ನು ಹಿಡಿದು ಎರಡು ಗಿಡ್ಡ ಹಲಗೆಗಳಿಗೆ ಗಾಲಿ ಕೂಡಿಸಿಕೊಂಡರು. ಮುಂದಿನ ಭಾನುವಾರ ಗಜೇಂದ್ರಗಡದ ಗುಡ್ಡ. ಮೇಲೆ ಗಾಳಿಯಂತ್ರಗಳು ಗರಗರ ತಿರುಗುತ್ತಿದ್ದವು, ಅವುಗಳ ಪಕ್ಕದಿಂದ ಡಾಂಬರು ರಸ್ತೆ ಮೆಲ್ಲಗೆ ಇಳಿಯುತ್ತಿತ್ತು. ಅತ್ತೆ ಸೆರಗು ಬಿಗಿದು ಕಟ್ಟಿ, ಹಳೆಯ ಸೀಟಿಯನ್ನು ಬಾಯಲ್ಲಿ ಕಚ್ಚಿ, ಎರಡೂ ಕೈಯಲ್ಲಿ ಕೋಲು ಹಿಡಿದು ಹೊರಟೇಬಿಟ್ಟರು. ಖರೆ ಹೇಳಬೇಕೆಂದರೆ, ಮೊದಲ ನೂರು ಹೆಜ್ಜೆ ದೂರ ಅದು ನೋಡುವಂಥ ನೋಟ! ಅರವತ್ತು ದಾಟಿದ ಹೆಂಗಸು ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಗಾಳಿಪಟದ ಹಾಗೆ ಇಳಿಯುತ್ತಿದ್ದರು. ಅಷ್ಟರಲ್ಲಿ ತಿರುವಿನಲ್ಲಿ ಕುರಿ ಹಿಂಡು ಬಂತು.

ಅತ್ತೆ ಅಭ್ಯಾಸಬಲದಿಂದ ಸೀಟಿ ಊದಿದರು. ಕುರಿಗಳು ಶಾಲೆ ಕಲಿತಿರಲಿಲ್ಲ. ಅತ್ತೆ ಹಿಂಡಿನ ನಡುವೆ ನುಗ್ಗಿ, ಒಂದು ದಪ್ಪ ಟಗರಿನ ಕೊರಳಿಗೆ ಜೋತುಬಿದ್ದು ನಿಂತರು. ಕುರುಬರ ಅಜ್ಜ ಕಂಬಳಿ ಸರಿಪಡಿಸಿಕೊಳ್ಳುತ್ತ ಸಾವಕಾಶ ಬಂದು ಕೇಳಿದ, “ಯಾಕಬೇ ಯವ್ವಾ, ಅದಕ್ಕ ಬ್ರೇಕ್ ಹಾಕಿಲ್ಲೇನು?”

“ಇಲ್ಲ ಯಜ್ಜಾ.”

“ಮುಂದಿನ ಸಲ ಹಾಕಸು. ನನ್ನ ಟಗರು ದಿನಾ ಇಲ್ಲಿ ಇರೂದಿಲ್ಲ.”

ನಾನು ಬಿದ್ದು ಬಿದ್ದು ನಗುತ್ತ ಓಡಿ ಹೋದೆ. ಅತ್ತೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಬಲ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದಿದ್ದರು. ಅವರು ನಗುತ್ತಿರಲಿಲ್ಲ.

“ಪೆಟ್ಟಾತೇನತ್ತಿ?”

“ಇವತ್ತಿನ ಪೆಟ್ಟಲ್ಲವಾ ಇದು” ಎಂದರು. “ಹುಬ್ಬಳ್ಳಿ ಡಾಕ್ಟರು ದೀಪಾವಳಿಗೇ ಹೇಳ್ಯಾರ. ಸವದು ಹೋಗೈತಂತ. ಫೆಬ್ರುವರಿಯಾಗ ಆಪರೇಷನ್ನು. ಆಮ್ಯಾಲ ನಡ್ಯಾಕ ಅಡ್ಡಿಯಿಲ್ಲ, ಜಾರೂದು ಮಾತ್ರ ಬಂದ್. ಅದಕ್ಕ ಈ ವರ್ಷ ಒಂದು ಬರ್ಫ್ ಬೀಳಬೇಕಿತ್ತು ನೋಡು.”

ನಾನು ಪಕ್ಕದಲ್ಲಿ ಕೂತೆ. “ಏನೈತತ್ತಿ ಅದರಾಗ ಅಂಥಾದ್ದು?” ಎಂದು ಕೇಳಿದೆ. ಇಷ್ಟು ವರ್ಷ ನಾವು ಯಾರೂ ಕೇಳಿರಲಿಲ್ಲ.

ಅತ್ತೆ ಕೆಳಗಿನ ಬಯಲನ್ನು ನೋಡುತ್ತ ಕೂತರು. “ಮೂವತ್ತು ವರ್ಷ ಸೀಟಿ ಊದೇನಿ. ನಿಲ್ರಿ, ನಡೀರಿ, ಸಾಲು ಸರಿ ಮಾಡ್ರಿ. ಮನ್ಯಾಗೂ ಅದ. ಅಲ್ಲಿ ಮ್ಯಾಲ ನಿಂತಾಗ ಸಪ್ಪಳನ ಇರೂದಿಲ್ಲ ಹುಡಿಗಿ. ಬರ್ಫ್ ಎಲ್ಲಾ ಸಪ್ಪಳ ಕುಡದಿರತೈತಿ. ನಾ ಯಾರಿಗೂ ನಿಲ್ಲು ಅನ್ನೂದಿಲ್ಲ, ನನಗೂ ಯಾರೂ ಅನ್ನೂದಿಲ್ಲ. ಒಮ್ಮಿ ಮೈ ಬಿಟ್ಟೆ ಅಂದ್ರ ಮುಗೀತು.” ಆಮೇಲೆ ನನ್ನ ಮುಖ ನೋಡಿ, “ಅಳಬ್ಯಾಡ. ಗಾಡಿ ಹೊಡೀಬೇಕು ನೀ” ಎಂದರು.

ಜನವರಿ ಕಳೆಯಿತು. ಫೋನು ಮಾಡುವುದನ್ನೂ ಅತ್ತೆ ನಿಲ್ಲಿಸಿದರು. ಹುಬ್ಬಳ್ಳಿಯ ದವಾಖಾನೆಯಲ್ಲಿ ದಿನ ಗೊತ್ತಾಯಿತು. ಅದಕ್ಕೆ ಇನ್ನು ಐದು ದಿನವಿದೆ ಎನ್ನುವಾಗ, ಅತ್ತೆ ಸಂತೆಗೆ ಹೋಗಿದ್ದ ಹೊತ್ತಿನಲ್ಲಿ, ಹಿಮಾಚಲದಿಂದ ಫೋನು ಬಂತು. ಎತ್ತಿದ್ದು ನಮ್ಮಪ್ಪ. ಆಕೆ ಅಲ್ಲಿಂದ ಕಿರುಚುತ್ತಿದ್ದಳು, ಹಿಮ ಬಿದ್ದಿದೆ, ಮೊಣಕಾಲುಮಟ ಬಿದ್ದಿದೆ!

ಮನೆಯಲ್ಲಿ ಸಭೆ ಸೇರಿತು. ಅತ್ತೆಗೆ ಹೇಳುವುದೇ ಬೇಡ ಎಂದು ಅಪ್ಪ ಅಂದರು, ಅಮ್ಮ ಹೂಂಗುಟ್ಟಿದರು, ನಾನೂ ತಲೆಯಾಡಿಸಿದೆ. ಮಾಮಾ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಹೊಲಕ್ಕೆ ಹೋದರೆಂದುಕೊಂಡೆವು. ಕಡಲೆ ಕೀಳುವುದು ಅರ್ಧಕ್ಕೆ ಬಂದಿತ್ತು.

ಸಂಜೆ ಅವರು ಬಂದಾಗ ಅತ್ತೆ ಅಂಗಳದಲ್ಲಿ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಮಾಮಾ ಎದುರು ನಿಂತು, “ಬಿತ್ತಂತ” ಎಂದರು.

ಅತ್ತೆಯ ಕೈ ನಿಂತಿತು. ಮತ್ತೊಂದು ದಂಟು ಎತ್ತಿಕೊಂಡು, “ಬೀಳ್ಲಿ ಬಿಡ್ರಿ. ಅಲ್ಲಿ ಹುಡುಗರರ ಆಡ್ತಾವ” ಎಂದರು.

“ಡಾಕ್ಟರಿಗೆ ಫೋನ್ ಮಾಡಿದ್ದೆ. ಹದಿನೈದು ದಿನ ಮುಂದಕ್ಕ ಹಾಕ್ಯಾರ. ಮೊಣಕಾಲಿಗೆ ಪಟ್ಟಾ ಕಟಗೊಂಡು, ಸಣ್ಣ ಇಳುಕಲಿನಾಗ ಒಂದ ಸಲ ಅಂದ್ರ ಅಡ್ಡಿಯಿಲ್ಲಂತ. ಎರಡನೇ ಸಲ ಅಂದ್ರ ತಾವ ಬಂದು ಬಡೀತಾರಂತ.” ಮಾಮಾ ಕಿಸೆಯಿಂದ ಮಡಚಿದ ಕಾಗದ ತೆಗೆದರು. “ನಾಳಿ ಗಾಡಿ. ಇಬ್ಬರದೂ ಟಿಕೀಟು.”

“ಇಬ್ಬರದು? ನೀವು ಬಂದ್ರ ಕಡ್ಲಿ?”

“ಕಡ್ಲಿ ನಿನ್ನ ತಮ್ಮ ನೋಡ್ಕೋತಾನ” ಎಂದರು ಮಾಮಾ. ನಮ್ಮಪ್ಪನಿಗೆ ಈ ಸುದ್ದಿ ತಿಳಿದದ್ದು ಆಗಲೇ! ಆಮೇಲೆ ನೆಲ ನೋಡುತ್ತ ಸಣ್ಣ ದನಿಯಲ್ಲಿ, “ಇಪ್ಪತ್ತೆರಡು ವರ್ಷ ನೀ ಹೋಗೂದು ನೋಡೇನಿ, ಬರೂದು ನೋಡೇನಿ. ಜಾರೂದು ಒಮ್ಮಿನೂ ನೋಡಿಲ್ಲ” ಎಂದರು.

ಅವರು ಹೋದರು, ಬಂದರು. ಆಪರೇಷನ್ನೂ ಆಯಿತು. ಅತ್ತೆ ಈಗ ಒಳಗೆ ದಿಂಬಿನ ಮೇಲೆ ಕಾಲಿಟ್ಟುಕೊಂಡು, ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ ವ್ಯಾಯಾಮ ಕಲಿಸುತ್ತಿದ್ದಾರೆ. ಅಲ್ಲಿ ಏನಾಯಿತು ಎಂದು ಕೇಳಿದರೆ, “ಚಲೋ ಆತು” ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾರೆ. ಅದಕ್ಕೇ ಒಂದು ಭಾನುವಾರ ಕಟ್ಟೆಯ ಮೇಲೆ ಕೂತಿದ್ದ ಮಾಮಾನನ್ನು ಹಿಡಿದೆ.

“ಹ್ಯಾಂಗಿತ್ತು ಮಾಮಾ?”

“ಥಂಡಿ ಇತ್ತು.”

ಮಾಮಾನಿಂದ ಅಷ್ಟು ಬಂದದ್ದೇ ಹೆಚ್ಚು ಎಂದುಕೊಂಡು ಏಳುವವಳಿದ್ದೆ. ಅವರೇ ಮುಂದುವರಿಸಿದರು.

“ನಾವು ಹೋಗಿ ಮುಟ್ಟೂದ್ರಾಗ ಅರ್ಧ ಕರಗಿತ್ತವಾ. ಬಿಸಲಿಗೆಲ್ಲಾ ಹೋಗಿತ್ತು. ಗಿಡದ ನೆಳ್ಳಿಗೆ ಒಂದು ಪಟ್ಟಿ ಉಳದಿತ್ತಷ್ಟ. ಅದರ ತುದಿಗೆ ಹೋಗಿ ನಿಂತ್ಲು. ನಾ ಕೆಳಗ ನಿಂತಿದ್ದೆ. ಬಂದ್ಲು ನೋಡು...” ಮಾಮಾ ಅಂಗೈಯನ್ನು ಗಾಳಿಯಲ್ಲಿ ಮೆಲ್ಲಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಇಳಿಸಿದರು. “ಅಕಿ ನಮ್ಮ ಮನ್ಯಾನಕಿ ಇದ್ದಂಗ ಇರ್ಲಿಲ್ಲವಾ. ಇಪ್ಪತ್ತು ವರ್ಷದ ಹುಡಿಗಿ ಇದ್ದಂಗಿದ್ಲು. ನಾ ಲಗ್ನ ಆದಾಗ ಅಕಿಗೆ ಇಪ್ಪತ್ತೇಳು. ಆ ಹುಡಿಗೀನ ನಾ ನೋಡೇ ಇರ್ಲಿಲ್ಲ.”

ಒಳಗಿನಿಂದ ಅತ್ತೆ ಯಾರನ್ನೋ ಗದರುವುದು ಕೇಳುತ್ತಿತ್ತು. ಮಾಮಾ ಆ ಕಡೆ ಕಿವಿಯಿಟ್ಟರು.

“ಹತ್ತು ಉಸುರು ಬಿಡೂದ್ರಾಗ ಕೆಳಗ ಬಂದುಬಿಟ್ಲು” ಎಂದರು. “ಆ ಗುಡ್ಡ ಇನ್ನೊಂದಿಷ್ಟು ಉದ್ದ ಇರಬೇಕಿತ್ತವಾ.”