ಬೀರೇಶನ ಜಾವಳದ ಅಂಗಿ

ಭಾನುವಾರ ಬೆಳಿಗ್ಗೆ ಆರೂವರೆಗೆ ಭಗವಂತರಾಯ ತನ್ನ ತಂಗಿಗೆ ಮೊಬೈಲಿನಲ್ಲಿ ಒಂದು ಫೋಟೊ ಕಳಿಸಿದ. ಅವತ್ತಿನ ಅಷ್ಟೂ ಫಜೀತಿಗೆ ಆ ಫೋಟೊವೇ ಮೂಲ.

ಫೋಟೊದಲ್ಲಿ ಇದ್ದದ್ದು ಮೂರು ವರ್ಷದ ಹುಡುಗನಿಗೆ ಆಗುವ ಒಂದು ಜೊತೆ ಬಟ್ಟೆ. ಕೆಂಪು ಅಂಗಿ, ಕರಿ ಪ್ಯಾಂಟು, ಪ್ಯಾಂಟು ಜಾರದಂತೆ ಹೆಗಲ ಮೇಲೆ ಹಾಯುವ ಎರಡು ಎಲಾಸ್ಟಿಕ್ ಪಟ್ಟಿ, ಕುತ್ತಿಗೆಗೆ ಚಿಟ್ಟೆಯಂಥ ಒಂದು ಬೋ. ತಂಗಿ ಸುಕನ್ಯಾಳ ಮಗ ಬೀರೇಶನ ಜಾವಳ ಅವತ್ತು ಮಧ್ಯಾಹ್ನ ಮೂರು ಗಂಟೆಗೆ ತಿಂಥಣಿಯ ಹೊಳೆ ದಂಡೆಯ ಗುಡಿಯಲ್ಲಿ ಇತ್ತು. ಹುಟ್ಟುಗೂದಲು ತೆಗೆಸಿ, ಹೊಳೆಯಲ್ಲಿ ಮೀಯಿಸಿದ ಮೇಲೆ ಕೂಸಿನ ಮೈಗೆ ಮೊದಲು ಬೀಳಬೇಕಾದದ್ದು ಸೋದರಮಾವ ತಂದ ಹೊಸ ಬಟ್ಟೆ. ಸೋದರಮಾವ ಅಂದರೆ ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಭಗವಂತರಾಯನೇ.

ಫೋಟೊ ಹೋಗಿ ಒಂದು ನಿಮಿಷವಾಗಿರಲಿಲ್ಲ, ಫೋನು ಬಡಿದುಕೊಂಡಿತು.

"ಅಣ್ಣಾ, ಇದೇನಿದು?"

"ಅರಿವಿ ತಂಗಿ. ಬೀರೇಶಗ."

"ಅರಿವಿ ಅಂತ ನನಗೂ ಕಾಣಸ್ತದ. ತೊಟ್ಲಾಗ ಹಾಕಿದಾಗೂ ಇದನ್ನೇ ತಂದಿ. ಹುಟ್ಟಿದ ಹಬ್ಬಕ್ಕೂ ಇದನ್ನೇ ತಂದಿ. ಬಣ್ಣ ಅಷ್ಟೇ ಬ್ಯಾರೆ. ನಮ್ಮತ್ತಿ ಏನಂದ್ರು ಗೊತ್ತೇನು? 'ನಿಮ್ಮಣ್ಣ ಈ ಕೂಸಿಗಿ ಬ್ಯಾಂಡ್ ಬಾರ್ಸೋರ ಜತಿ ಕಳಸ್ಬೇಕಂತ ಮಾಡ್ಯಾನೇನು?' ಅಂದ್ರು. ಇಡೀ ಓಣಿ ಮುಂದ ಅಂದ್ರು!"

"ಗಂಡುಡುಗರಿಗಿ ಬ್ಯಾರೆ ಏನೂ ಸಿಗಂಗಿಲ್ಲ ಸುಕನ್ಯಾ."

"ಹಂಗಾದ್ರ ಊರಾಗಿನ ಹುಡುಗ್ರೆಲ್ಲ ಬರೇ ಮೈಲೆ ತಿರಗ್ಯಾಡ್ತಾರೇನು?" ಎಂದವಳ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಇವತ್ತ ಒಂದಿನ, ಅಣ್ಣಾ. ತವರುಮನಿಯಿಂದ ಚಂದ ಅರಿವಿ ಬಂತು ಅಂತ ಒಬ್ಬರ ಬಾಯಾಗ ಕೇಳ್ಬೇಕು ನಾನು. ಇಲ್ಲಂದ್ರ ಈ ಮನ್ಯಾಗ ನಾ ಮಾರಿ ಎತ್ತಂಗಿಲ್ಲ." ಮೂಗು ಸೀಟಿದ ಸದ್ದಾಯಿತು. ಫೋನು ಕಟ್ಟಾಯಿತು.

ತಂಗಿ ಬೈದಿದ್ದರೆ ಭಗವಂತರಾಯ ತಡೆದುಕೊಳ್ಳುತ್ತಿದ್ದ. ಮೂಗು ಸೀಟಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಸಲಹೆ ಕೇಳೋಣವೆಂದರೆ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಆದರೆ ಸಲಹೆ ತಾನಾಗಿಯೇ ಕಂಪೌಂಡಿನ ಗೋಡೆಯ ಮೇಲೆ ತಲೆ ಎತ್ತಿತು.

"ಏನಾತ್ರಿ ಅಣ್ಣಾರ, ತಂಗಿ ಅಳಾಕತ್ತಾಳಲ್ಲ?" ಎಂದರು ಪಕ್ಕದ ಮನೆಯ ಸಾವಿತ್ರಿಬಾಯಿ. ಫೋನಿನ ಆ ತುದಿಯ ಅಳು ಇವರಿಗೆ ಹೇಗೆ ಕೇಳಿಸಿತು ಎಂದು ಭಗವಂತರಾಯ ಕೇಳಲು ಹೋಗಲಿಲ್ಲ. ಅವರು ಗೋಡೆಯ ಆಚೆಯಿಂದಲೇ ಕೈ ಚಾಚಿ ಬಟ್ಟೆ ಇಸಿದುಕೊಂಡು, ಎಲಾಸ್ಟಿಕ್ಕನ್ನು ಎರಡು ಸಲ ಎಳೆದು ಬಿಟ್ಟು ನೋಡಿದರು.

"ಇಂಥವು ನಮ್ಮ ಮೊಮ್ಮಗನ ಹಂತ್ಯಾಕ ನಾಕು ಅದಾವ. ಇರ್ಲಿ ಬಿಡ್ರಿ, ಇದೂ ಅವಂಗೇ ಆಗ್ತದ. ನೀವು ಬಜಾರಕ್ಕ ಹೋಗ್ರಿ, ಬ್ಯಾರೆ ಹುಡುಕ್ರಿ." ಬಟ್ಟೆ ಒಳಗೆ ಹೋಯಿತು. ಅದರ ಬದಲಿಗೆ ದಾರಿಗೆಂದು ನಾಲ್ಕು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಚಟ್ನಿ ಕಟ್ಟಿದ ಗಂಟು ಗೋಡೆ ದಾಟಿ ಬಂತು. ಹೆಂಡತಿ ಊರಿಗೆ ಹೋದ ದಿನದಿಂದ ಆ ಗೋಡೆ ದಾಟಿ ರೊಟ್ಟಿ ಬರದ ದಿನವಿರಲಿಲ್ಲ. ಅದಕ್ಕೇ ಅವನಿಗೆ ಬಟ್ಟೆ ವಾಪಸ್ ಕೊಡ್ರಿ ಎನ್ನಲು ಬಾಯಿ ಬರಲಿಲ್ಲ.

ಯಾದಗಿರಿಯ ದೊಡ್ಡ ಬಟ್ಟೆ ಅಂಗಡಿಯ ಬಾಗಿಲು ಎತ್ತುವಾಗಲೇ ಭಗವಂತರಾಯ ಹೊಸ್ತಿಲಲ್ಲಿದ್ದ. ಮಾಲಕ ಊದುಬತ್ತಿ ಬೆಳಗುತ್ತಲೇ ಅರಳಿದ.

"ಬರ್ರಿ ಸರ, ಬರ್ರಿ! ಮಕ್ಕಳದೇನ್ರಿ? ಹುಡುಗಿಗೇನ್ರಿ?"

ಒಂದು ಮಹಡಿಯ ತುಂಬ ಹುಡುಗಿಯರ ಬಟ್ಟೆ. ಲಂಗ, ಫ್ರಾಕು, ಕನ್ನಡಿ ಹಚ್ಚಿದ್ದು, ಗೆಜ್ಜೆ ಕಟ್ಟಿದ್ದು, ನವಿಲುಗರಿಯದ್ದು, ಛತ್ರಿಯಂತೆ ಬಿಚ್ಚಿಕೊಳ್ಳುವುದು. ಮದುವೆ ಮನೆಯನ್ನೇ ಗೋಡೆಗೆ ಮೊಳೆ ಹೊಡೆದು ನೇತುಹಾಕಿದಂತಿತ್ತು.

"ಇಲ್ರಿ, ಹುಡುಗಗ."

ಮಾಲಕನ ಮುಖ ಕರೆಂಟು ಹೋದ ಬಲ್ಬಿನಂತಾಯಿತು. "ಅಲ್ಲಿ ನೋಡ್ರಿ," ಎಂದು ಊದುಬತ್ತಿಯಲ್ಲೇ ತೋರಿಸಿದ. ಮೆಟ್ಟಿಲಿನ ಕೆಳಗೆ, ಕಸಬರಿಗೆಯ ಪಕ್ಕದಲ್ಲಿ, ಒಂದೇ ಒಂದು ಕಪಾಟು.

ಕಪಾಟಿನಲ್ಲಿ ಮೂರು ನಮೂನೆ. ಒಂದು ಅದೇ ಪಟ್ಟಿ ಪ್ಯಾಂಟು. ಇನ್ನೊಂದು ಸೀಟಿ ಸಮೇತ ಪೊಲೀಸ್ ಡ್ರೆಸ್ಸು. ಮೂರನೆಯದು ಗೋಣಿಚೀಲದಷ್ಟು ಚುಚ್ಚುವ, ಮೈತುಂಬ ಜರಿಯ ಶೇರ್ವಾನಿ. ಅದನ್ನು ಹಾಕಿದ ಕೂಸು ಕೈ ಮಡಚುವಂತಿರಲಿಲ್ಲ, ಹೊಳೆ ದಂಡೆಯ ಬಿಸಿಲಿಗೆ ಬದುಕುವಂತೆಯೂ ಇರಲಿಲ್ಲ.

"ಇಷ್ಟೇ ಏನ್ರಿ? ಚಂದಾಗಿರೋ ಒಂದು ಸಾದಾ ಅಂಗಿ ಇಲ್ಲೇನ್ರಿ?"

"ಹುಡುಗ್ರು ಮಣ್ಣಾಗ ಹೊಳ್ಳ್ಯಾಡ್ತಾವ್ರಿ ಸರ. ಮಣ್ಣಿಗಿ ಯಾರು ಡಿಸೈನ್ ಮಾಡ್ತಾರ?"

ಶಹಾಪುರದ ಬಸ್ಸಿನಲ್ಲಿ ಭಗವಂತರಾಯ ಪಕ್ಕದವನ ಮುಂದೆ ಸುಮ್ಮನೆ ನಿಟ್ಟುಸಿರು ಬಿಟ್ಟ. ಬಿಡಬಾರದಿತ್ತು. ನಿಟ್ಟುಸಿರಿನ ಕಾರಣ ಐದು ನಿಮಿಷದಲ್ಲಿ ಹಿಂದಿನ ಸೀಟಿನವರೆಗೆ ತಲುಪಿತು. ಒಬ್ಬರು ಪೊಲೀಸ್ ಡ್ರೆಸ್ಸೇ ಒಳ್ಳೆಯದು, ಮುಂದೆ ನೌಕರಿಗೆ ಶುಭ ಎಂದರು. ಇನ್ನೊಬ್ಬರು ಧೋತರ ಉಡಿಸಿರಿ ಎಂದರು. ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡಿದ್ದ ಮುದುಕಿ, "ಫ್ರಾಕ್ ತೊಗೊಂಡು ಕೆಳಗ ಕತ್ತರಸು ಮಗನ. ಮ್ಯಾಲಿಂದು ಅಂಗಿ ಆಗ್ತದ, ಕೆಳಗಿಂದು ಮಾರಿ ಒರಸಾಕ ಆಗ್ತದ," ಎಂದಳು. ಬಸ್ಸಿಗೆ ಬಸ್ಸೇ ಹೌದೆಂದಿತು.

ಶಹಾಪುರದಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದ. ನಾಲ್ಕರಲ್ಲೂ ಅದೇ ಮೂರು ನಮೂನೆ. ವ್ಯತ್ಯಾಸವೆಂದರೆ ಯಾದಗಿರಿಯ ಪೊಲೀಸನಿಗೆ ಸೀಟಿ ಇತ್ತು, ಶಹಾಪುರದ ಪೊಲೀಸನಿಗೆ ಅದೂ ಇರಲಿಲ್ಲ.

ಸುರಪುರ ಮುಟ್ಟಿದಾಗ ಒಂದು ಗಂಟೆ. ನೆತ್ತಿಯ ಮೇಲೆ ಹಂಚು ಕಾಯಿಸಿ ಇಟ್ಟಂಥ ಬಿಸಿಲು. "ಅಗದಿ ಹೊಸಾ ಮಾಲು ಅದ್ರಿ, ನಿನ್ನೇ ಬಂದದ, ಇನ್ನ ಗಂಟು ಬಿಚ್ಚಿಲ್ಲ," ಎಂದು ಒಬ್ಬ ಅಂಗಡಿಯವ ಆಸೆ ಹುಟ್ಟಿಸಿ, ಭಗವಂತರಾಯನನ್ನು ಕೂಡಿಸಿ, ಒಳಗೆ ಹೋಗಿ ಗಂಟು ಹೊತ್ತು ತಂದು, ಹಲ್ಲಿನಿಂದ ದಾರ ಕಚ್ಚಿ ಬಿಚ್ಚಿದ. ಒಳಗಿನಿಂದ ಇಪ್ಪತ್ನಾಲ್ಕು ಪಟ್ಟಿ ಪ್ಯಾಂಟುಗಳು ಚಿಟ್ಟೆ ಸಮೇತ ಹೊರಬಿದ್ದವು.

ಭಗವಂತರಾಯ ಎದ್ದು ಬಂದು ಪಕ್ಕದ ಕಟ್ಟೆಯ ಮೇಲೆ ಕುಸಿದ. ಕಟ್ಟೆಯ ಒಳಭಾಗದಲ್ಲಿ ಹೊಲಿಗೆ ಮಷೀನು ಟಕಟಕ ಎನ್ನುತ್ತಿತ್ತು. ಅದು ನಿಂತಿತು. ಕನ್ನಡಕದ ಕಾಲಿಗೆ ದಾರ ಕಟ್ಟಿಕೊಂಡಿದ್ದ ಮುದುಕಿಯೊಬ್ಬಳು ಒಂದು ಚರಿಗೆ ತಂಪು ನೀರು ತಂದು ಮುಂದಿಟ್ಟಳು. ಅವಳು ಕುಬ್ರಾಬೇಗಂ, ಆ ಓಣಿಯ ಹೆಂಗಸರ ಸೀರೆಗೆ ಫಾಲ್ ಹಚ್ಚಿಕೊಡುವವಳು.

"ಮೊದಲ ನೀರು ಕುಡಿ ಬೇಟಾ. ಆಮ್ಯಾಲ ಹೇಳು, ಯಾರು ಸತ್ತಾರ?"

"ಯಾರೂ ಸತ್ತಿಲ್ಲಮ್ಮಾ. ನಾನೇ ಸಾಯೋದೊಂದು ಬಾಕಿ," ಎಂದು ಭಗವಂತರಾಯ ಬೆಳಗಿನ ಫೋಟೊದಿಂದ ಹಿಡಿದು ಎಲ್ಲ ಹೇಳಿದ.

ಮುದುಕಿ ನಗಲಿಲ್ಲ. ಒಳಗೆ ಹೋಗಿ, ಟ್ರಂಕಿನ ತಳದಿಂದ ಬಿಳಿ ವಸ್ತ್ರದಲ್ಲಿ ಸುತ್ತಿದ್ದ ಪುಟ್ಟ ಜುಬ್ಬಾ ಪೈಜಾಮ ತಂದು ಬಿಚ್ಚಿದಳು. ಎಳೆ ಹಸಿರು ಬಣ್ಣದ ಮೆತ್ತನೆ ಹತ್ತಿ ಬಟ್ಟೆ. ಕೊರಳ ಸುತ್ತ, ಎದೆಯ ಪಟ್ಟಿಯ ಮೇಲೆ, ತೋಳಿನ ಅಂಚಿಗೆ ಕೈಯಿಂದ ಹಾಕಿದ ಸಣ್ಣ ಸಣ್ಣ ಗಿಣಿಗಳು. ಒಂದೊಂದರ ಕೊಕ್ಕೂ ಕೆಂಪು, ಒಂದೊಂದು ನೋಡುವ ದಿಕ್ಕೂ ಬೇರೆ.

"ಹೈದರಾಬಾದಿನಾಗಿನ ಮೊಮ್ಮಗನ ಸಲುವಾಗಿ ಹೊಲದಿದ್ದೆ. ಅಂವ ಬರೂದ್ರಾಗ ಉದ್ದ ಬೆಳದುಬಿಟ್ಟ. ತೊಗೋ. ಬಟ್ಟಿ ರೊಕ್ಕ ಅಷ್ಟ ಕೊಡು. ಗಿಣಿಗೋಳ ರೊಕ್ಕ ಬ್ಯಾಡ. ಅವು ಕೈ ಸುಮ್ಮನ ಕುಂದರಲಾರದ ಮಾಡಿದ್ದು."

ಭಗವಂತರಾಯ ಬಟ್ಟೆಯ ರೊಕ್ಕ ಎಣಿಸಿ ಅವಳ ಕೈಗಿಟ್ಟ. ಮೂರು ಊರಿನಲ್ಲಿ ಹುಡುಗನೊಬ್ಬನಿಗೆ ಸಿಕ್ಕಬಹುದಾದ ಒಂದೇ ಒಂದು ಚಂದದ ಅಂಗಿ ಈಗ ಅವನ ಚೀಲದಲ್ಲಿತ್ತು.

ತಿಂಥಣಿಯಲ್ಲಿ ಇಳಿದಾಗ ಮೂರೂಕಾಲು. ಹೊಳೆ ದಂಡೆಯ ಬೇವಿನ ನೆರಳಲ್ಲಿ ಬೀಗರ ಬಳಗವೆಲ್ಲ ಕಾದು ಕೂತಿತ್ತು. ಸುಕನ್ಯಾಳ ಅತ್ತೆ ಮಾಳಮ್ಮ ದೂರದಿಂದಲೇ ಕೂಗಿದಳು. ಇನ್ನೂರು ಕುರಿಗಳನ್ನು ಒಂದೇ ಕೂಗಿಗೆ ತಿರುಗಿಸಿದ ಗಂಟಲು ಅದು.

"ಬಂದ್ರೇನು ಬೀಗರ? ನಾವೇನು ಕೂಸಿನ ಮದುವಿಗಿ ಬರ್ತೀರಿ ಅಂತ ಮಾಡಿದ್ವಿ. ಏನ್ ತಂದೀರಿ ತೋರಸ್ರಿ!"

ಚೀಲ ಕೈಯಿಂದ ಹೋಗಿಯೇಬಿಟ್ಟಿತು. ಮಾಳಮ್ಮ ಜುಬ್ಬಾ ಬಿಚ್ಚಿ ಹಿಡಿದಳು. ಅವಳ ಮುಖ ಸಡಿಲಿತು.

"ಅಯ್ಯ ನನ್ನಪ್ಪಾ, ಗಿಣಿ! ಏ ಸುಕನ್ಯಾ, ಬಾ ಇಲ್ಲಿ, ನಿಮ್ಮಣ್ಣ ಏನ್ ತಂದಾನ ನೋಡು!"

ಸುಕನ್ಯಾ ನೋಡಿದಳು. ಅಣ್ಣನನ್ನೂ ನೋಡಿದಳು. ಆ ನೋಟಕ್ಕೆ ಭಗವಂತರಾಯನ ದಣಿವೆಲ್ಲ ಇಳಿಯಿತು. ಅವನು ಹಗುರಾಗಿ ಹೊಳೆಗೆ ಹೋಗಿ ಕೈಕಾಲು ತೊಳೆದುಕೊಂಡ.

ಮರಳಿ ಬಂದಾಗ ಹೆಂಗಸರ ಗುಂಪು ಬೀರೇಶನನ್ನು ಸುತ್ತುವರಿದಿತ್ತು. ಜಾವಳದ ದಿನ ಕತ್ತರಿ ಬೀಳುವ ಮೊದಲು ಗಂಡು ಕೂಸಿನ ಉದ್ದ ಕೂದಲಿಗೆ ಜಡೆ ಹಾಕಿ, ಹೂ ಮುಡಿಸಿ, ಹೆಣ್ಣುಮಗುವಿನಂತೆ ಸಿಂಗರಿಸಿ ಒಂದು ಫೋಟೊ ತೆಗೆಯುವುದು ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಬೀರೇಶನಿಗೂ ಎರಡು ಜಡೆ, ಮಲ್ಲಿಗೆ, ಕೈತುಂಬ ಬಳೆ, ಹಣೆಗೆ ತಿಲಕ. ಮೈಮೇಲೆ ಗಿಣಿಯ ಜುಬ್ಬಾ.

'ಮಿಂದ ಮೇಲೆ ಹಾಕಬೇಕಾದದ್ದನ್ನು ಅವಸರದಲ್ಲಿ ಈಗಲೇ ಹಾಕಿಬಿಟ್ಟಿದ್ದಾರೆ. ಇರಲಿ, ಇನ್ನೊಮ್ಮೆ ಹಾಕುತ್ತಾರೆ,' ಎಂದುಕೊಂಡ ಭಗವಂತರಾಯ. ಫೋಟೊ ಆಯಿತು. ಬಟ್ಟೆ ಬಿಚ್ಚಿದರು. ಸೋದರಮಾವನ ತೊಡೆಯ ಮೇಲೆ ಕೂಸು ಕೂತು ಊರು ಹಾರಿಹೋಗುವಂತೆ ಅತ್ತಿತು. ಮೊದಲ ಕುಚ್ಚು ಮಾವನೇ ಕತ್ತರಿಸಿದ. ಉಳಿದದ್ದು ಕ್ಷೌರದವನ ಕೈಯಲ್ಲಿ ಹತ್ತು ನಿಮಿಷದ ಕೆಲಸ. ನುಣ್ಣನೆಯ ತಲೆಗೆ ಗಂಧ ಹಚ್ಚಿ, ಹೊಳೆಯಲ್ಲಿ ಮುಳುಗಿಸಿ, ನಡುಗುವ ಕೂಸನ್ನು ದಂಡೆಗೆ ತಂದು ನಿಲ್ಲಿಸಿದರು.

"ಹೂಂ, ಸ್ವಾದರಮಾವನ ಅರಿವಿ ತರ್ರಿ," ಎಂದಳು ಮಾಳಮ್ಮ.

ಎಲ್ಲರೂ ಭಗವಂತರಾಯನನ್ನು ನೋಡಿದರು.

"ಆಗಳೇ ಕೊಟ್ಟೆನಲ್ಲ ಅತ್ತಿ."

"ಅದು ಜಡಿ ಹಾಕಿ ಫೋಟೊ ತೆಗ್ಯಾಕ ತಂದ ಹೆಣ್ಣರಿವಿ. ಚಂದ ಆತು, ಬ್ಯಾಡ ಅನ್ನಂಗಿಲ್ಲ. ಈಗ ಗಂಡರಿವಿ ತೆಗೀರಿ."

"ಅದೇ ಗಂಡರಿವಿ ಅತ್ತಿ!"

ಗುಂಪಿನಲ್ಲಿ ನಗೆ ಶುರುವಾಗಿ ದಂಡೆಯ ಆ ತುದಿಗೆ ಹೋಗಿ ತಿರುಗಿ ಬಂತು. ಕ್ಷೌರದವನೂ ಕತ್ತಿ ಒರೆಸುವುದನ್ನು ನಿಲ್ಲಿಸಿ ನಕ್ಕ.

"ಅರವತ್ತು ವರ್ಷ ಆತು ನನಗ," ಎಂದಳು ಮಾಳಮ್ಮ. "ಅರ್ಧ ಹರದಾರಿಯಿಂದ ನೋಡಿ ಯಾವುದು ಟಗರು, ಯಾವುದು ಕುರಿ ಹೇಳ್ತೀನಿ. ಅಂಗಿ ಗೊತ್ತಾಗಂಗಿಲ್ಲೇನು? ಇಷ್ಟ ಚಂದ ಅರಿವಿ ಗಂಡುಡುಗರಿಗಿ ಯಾವ ಅಂಗಡ್ಯಾಗ ಮಾರ್ತಾರ, ಹೇಳ್ರಿ ನೋಡೂಣು!"

ಭಗವಂತರಾಯ ಬಾಯಿ ತೆರೆದ. ಬೆಳಗಿನಿಂದ ಹತ್ತಿಳಿದ ಅಂಗಡಿಗಳನ್ನೆಲ್ಲ ನೆನೆದ. ಬಾಯಿ ಮುಚ್ಚಿದ. 

"ಸುಕನ್ಯಾ, ನೀನರ ಹೇಳ," ಎಂದು ತಂಗಿಯ ಕಡೆ ತಿರುಗಿದ.

"ನಾ ಏನ್ ಹೇಳ್ಲಿ ಅಣ್ಣಾ? ನಾನೂ ಹೆಣ್ಣರಿವಿ ಅಂತನ ತಿಳಿದು ಹಾಕೀನಿ," ಎಂದಳು ಸುಕನ್ಯಾ. ಅವಳ ಮೂಗು ಮತ್ತೆ ಕೆಂಪಾಗತೊಡಗಿತ್ತು.

"ಆತು, ಅದನ್ನೇ ಕೊಡ್ರಿ, ಹಾಕೂಣು," ಎಂದ ಭಗವಂತರಾಯ.

ಅದನ್ನೇ ಕೊಡುವುದು ಆಗ ಸುಲಭವಿರಲಿಲ್ಲ. ಮಾಳಮ್ಮನ ಮಗಳ ಮಗಳು, ನಾಲ್ಕು ವರ್ಷದ ಮೌನಮ್ಮ, ಬಿಚ್ಚಿಟ್ಟ ಜುಬ್ಬಾವನ್ನು ತಾನೇ ತೊಟ್ಟುಕೊಂಡು ಬೇವಿನ ಮರವನ್ನು ಗಿರಗಿರ ಸುತ್ತುತ್ತಿದ್ದಳು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು. ಭಗವಂತರಾಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ.

"ಅವ್ವಾ, ಅದು ತಮ್ಮಂದು. ಕೊಡ್ತೀಯಾ?"

"ಇದಕ್ಕ ಹೆಸರಿಟ್ಟೀನಿ," ಎಂದಳು ಮೌನಮ್ಮ, ತೋಳಿನ ಮೇಲಿನ ಒಂದೊಂದೇ ಗಿಣಿಯನ್ನು ಬೆರಳಿಂದ ಮುಟ್ಟುತ್ತ. "ಇದು ದೊಡ್ಡವ್ವ, ಇದು ಸಣ್ಣವ್ವ, ಇದು ಆಯಿ. ಆಯಿಗಿ ನಿದ್ದಿ ಬಂದದ. ಒದರಬ್ಯಾಡ."

ಭಗವಂತರಾಯ ಎದ್ದು ಬಂದ. ನಿದ್ದೆ ಬಂದ ಆ ಅಜ್ಜಿ ಗಿಣಿಯನ್ನು ಎಳೆದು ತೆಗೆಯುವಷ್ಟು ಗಟ್ಟಿ ಎದೆ ಅವನದಲ್ಲ.

ಅತ್ತ ಪೂಜಾರಿ ಗುಡಿಯ ಮೆಟ್ಟಿಲ ಮೇಲೆ ನಿಂತು, "ಕೂಸಿನ್ನ ತರ್ರೆಪ್ಪೋ, ಹೊತ್ತು ಮೀರಾಕತ್ತದ!" ಎಂದು ಕೂಗಿದ. ಬೀರೇಶ ಒದ್ದೆ ಬರಿಮೈಯಲ್ಲಿ, ಹೊಳೆಯ ಗಾಳಿಗೆ, ಹಲ್ಲು ಕಟಕಟ ಕಡಿಯುತ್ತಿದ್ದ. ಮಾವನ ಬಟ್ಟೆ ಬೀಳದೆ ಬೇರೆಯವರದು ಹಾಕುವಂತಿಲ್ಲ. ಸುಕನ್ಯಾ ಸೆರಗು ಮೂಗಿಗೆ ಒಯ್ದಳು.

ಆ ಸೆರಗು ಮೂಗು ಮುಟ್ಟುವುದರೊಳಗೆ ಭಗವಂತರಾಯ ತನ್ನ ಅಂಗಿಯ ಗುಂಡಿ ಬಿಚ್ಚಿದ್ದ. ನೀಲಿ ಚೌಕಡಿಯ, ಕಾಲರು ಸವೆದ, ಮೂರು ಊರಿನ ಧೂಳು, ಬೆವರು ಕುಡಿದ ಕಚೇರಿ ಅಂಗಿ. ಅದನ್ನೇ ಕೂಸಿನ ತಲೆಯಿಂದ ಇಳಿಬಿಟ್ಟ. ತೋಳು ಮೊಣಕಾಲು ದಾಟಿತು, ಅಂಚು ಮಣ್ಣು ಗುಡಿಸಿತು, ಕೊರಳಿನಿಂದ ನುಣ್ಣನೆಯ ತಲೆಯೊಂದು ಕುಂಬಳಕಾಯಿಯಂತೆ ಮೇಲೆ ಬಂತು. ಬೆಚ್ಚಗಾದ ಬೀರೇಶ ಅಳು ನಿಲ್ಲಿಸಿ, ಜೇಬಿನೊಳಗೆ ಕೈ ಹಾಕಿ ಗಂಭೀರವಾಗಿ ನಿಂತ.

ಮಾಳಮ್ಮ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈ ಇಟ್ಟು ನೋಡಿದಳು.

"ಹಾಂ! ಗಂಡುಡುಗರ ಅಂಗಿ ಅಂದ್ರ ಹಿಂಗಿರಬೇಕು ನೋಡ್ರಿ! ಪಟ್ಟಿಲ್ಲ, ಚಿಟ್ಟಿಲ್ಲ, ಲಕ್ಷಣಾಗಿ ಕಾಣಸ್ತದ. ಬೀಗರ, ಇಂಥಾದ್ದು ಮೈಮ್ಯಾಲ ಇಟ್ಟುಕೊಂಡು ಇಷ್ಟೊತ್ತು ಯಾಕ ಸುಮ್ಮನ ನಿಂತಿದ್ರಿ?"

"ನಮ್ಮಣ್ಣ ತಂದಿದ್ದು ಅಂದ್ರ ಹಂಗ ಇರ್ತದ್ರಿ ಅತ್ತಿ," ಎಂದಳು ಸುಕನ್ಯಾ, ಸೆರಗು ಕೆಳಗಿಳಿಸಿ, ತಲೆ ಎತ್ತಿ.

ಭಗವಂತರಾಯ ಬನಿಯನ್ನಿನ ತೂತು ಕಾಣದಂತೆ ಎದೆಗೆ ಕೈ ಕಟ್ಟಿಕೊಂಡು ಫೋಟೊಗೆ ನಿಂತ. ಪೂಜೆ ಆಯಿತು, ಊಟ ಆಯಿತು. ಬೀರೇಶ ಅಂಗಿ ಬಿಚ್ಚಲು ಕೊಡದೆ ಅದರೊಳಗೇ ನಿದ್ದೆ ಹೋದ. ಬೀಗರು ಬನಿಯನ್ನಿನಲ್ಲಿ ಬಸ್ಸು ಹತ್ತುವುದು ಮನೆತನಕ್ಕೆ ಶೋಭೆಯಲ್ಲವೆಂದು ಮಾಳಮ್ಮ ಗಂಟು ಬಿಚ್ಚಿ, ತಾನೇ ಉಣ್ಣೆ ನೂತು ನೇಯಿಸಿದ ಹೊಸ ಕರಿ ಕಂಬಳಿಯೊಂದನ್ನು ತೆಗೆದು, ಪ್ರೀತಿಯಿಂದ ಅವನ ಹೆಗಲಿಗೆ ಹೊದಿಸಿದಳು.

"ಬಸ್ಸಿನ್ಯಾಗ ತೆಗೀಬ್ಯಾಡ್ರಿ ಮತ್ತ," ಎಂದಳು. ಏಪ್ರಿಲ್ ತಿಂಗಳ ಬಿಸಿಲು ಹೊಳೆಯ ಮೇಲೆ ಇನ್ನೂ ಕುದಿಯುತ್ತಿತ್ತು.