ಮಾನ್ಯ ನಿರ್ದೇಶಕರ ಗುದ್ದಿಗೆ ಸಿಬ್ಬಂದಿ ಬೀಳುವ ಕುರಿತು

ಸಂಖ್ಯೆ: ಸಿಹೊಪ/ಮೈಸೂರು/ಗುದ್ದು/07
ಸಿನಿಮಾ ಹೊಡೆದಾಟ ಪರೀಕ್ಷಾ ಇಲಾಖೆ

ವಿಷಯ: ನಾಯಕನ ಒಂದೇ ಗುದ್ದಿಗೆ ರೌಡಿಗಳೆಲ್ಲ ಹಾರಿ ಬೀಳುವುದು ನಿಜವೇ ಎಂಬ ವೈಜ್ಞಾನಿಕ ಪ್ರಯೋಗದಲ್ಲಿ ದಲಾಯತ್ ಶ್ರೀ ಚೆಲುವಯ್ಯ ಬೀಳದೆ ನಿಂತಿದ್ದ ಬಗ್ಗೆ.

ಉಲ್ಲೇಖ: (1) ಮಾನ್ಯ ನಿರ್ದೇಶಕರ ಮೌಖಿಕ ಆದೇಶ.
(2) ಅದೇ ಆದೇಶ, ಇನ್ನೂ ಜೋರಾಗಿ.

ಸಿನಿಮಾ ಹೊಡೆದಾಟಗಳಲ್ಲಿನ ನಿಜ ಸುಳ್ಳುಗಳನ್ನು ಪ್ರಯೋಗ ಮಾಡಿ ಜನರಿಗೆ ತಿಳಿಸುವ ಈ ಇಲಾಖೆಯು ಕಳೆದ ಶನಿವಾರ ರಾಮಕೃಷ್ಣನಗರದ ಮೈದಾನವೊಂದರಲ್ಲಿ ಮೇಲ್ಕಂಡ ಪ್ರಯೋಗವನ್ನು ಕೈಗೊಂಡಿತ್ತು. ಜ್ಯೇಷ್ಠತಾ ಪಟ್ಟಿಯ ಮೇರೆಗೆ ನಾಯಕನ ಪಾತ್ರವು ಮಾನ್ಯ ನಿರ್ದೇಶಕರಾದ ಶ್ರೀ ಯೋಗೇಂದ್ರ ಅವರಿಗೂ, ರೌಡಿಗಳ ಪಾತ್ರವು ಮಿಕ್ಕ ಸಿಬ್ಬಂದಿಗೂ ಸಂದಿತು. ಕಟ್ಟಕಡೆಯ ರೌಡಿ ಚೆಲುವಯ್ಯ.

ಸದರಿ ಚೆಲುವಯ್ಯನವರು ತಲೆ ನರೆಯುವವರೆಗೂ ಮಾನ್ಯರ ಕೊಠಡಿಯ ಬಾಗಿಲಲ್ಲಿ ನಿಂತೇ ಸೇವೆ ಸಲ್ಲಿಸಿದ್ದು, ದ್ವಿತೀಯ ದರ್ಜೆ ಸಹಾಯಕರಾಗುವ ಅವರ ಬಡ್ತಿ ಕಡತವು ಮಾನ್ಯರ ಸಹಿಗೆ ಬಂದಿರುತ್ತದೆ. ಸಿಗಲಿರುವ ಕುರ್ಚಿಗೆಂದು ಪತ್ನಿ ಬೀರಮ್ಮನವರು ಆಗಲೇ ದಿಂಬು ಹೊಲಿದಿಟ್ಟಿದ್ದಾರೆ. ಇಂಥ ಹೊತ್ತಿನಲ್ಲಾದರೂ ಮನುಷ್ಯ ಬೀಳಬೇಡವೇ? ಬೀಳಲಿಲ್ಲ. ಈ ಕಚೇರಿಗೆ ಬಹಳ ಬೇಜಾರಾಗಿದೆ.

ಕಂಡುಬಂದ ಅಂಶಗಳು:

1. ಮೊದಲು ಮರಳಿನ ಮೂಟೆಗೆ ಗುದ್ದಲಾಯಿತು. ಮೂಟೆ ಅಲುಗಲಿಲ್ಲ. ಅದು ಸರ್ಕಾರಿ ನೌಕರನಲ್ಲದ ಕಾರಣ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

2. ತರುವಾಯ ಮಾನ್ಯರು ಸಿಬ್ಬಂದಿಯತ್ತ ಮುಷ್ಟಿ ಬೀಸಿದರು. ಯಾರಿಗೂ ತಗುಲದಿದ್ದರೂ ಚೆಲುವಯ್ಯ ಒಬ್ಬರನ್ನುಳಿದು ಎಲ್ಲರೂ ಬಿದ್ದರು. ಅಧೀಕ್ಷಕಿ ಶ್ರೀಮತಿ ಪ್ರೇಮಲೀಲಾ ಅವರು ಮಾನ್ಯರು ಇನ್ನೂ ತೋಳು ಮಡಚಿಕೊಳ್ಳುತ್ತಿರುವಾಗಲೇ ಬಿದ್ದು, "ಅಯ್ಯಯ್ಯೋ, ಏನ್ ಏಟು ಸಾರ್!" ಎಂದಿರುವುದನ್ನು ಶ್ಲಾಘಿಸಲಾಗಿದೆ.

3. ಅಂದು ರಜೆಯಲ್ಲಿದ್ದ ಶ್ರೀ ನಂಜಯ್ಯ ಅವರು ಅದೇ ಗುದ್ದಿಗೆ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಬಿದ್ದುದಾಗಿ ವೈದ್ಯಕೀಯ ಪ್ರಮಾಣಪತ್ರ ಸಲ್ಲಿಸಿದ್ದು, ಅಂಗೀಕರಿಸಲಾಗಿದೆ.

4. ಚೆಲುವಯ್ಯನವರಿಗೆ ಕಾರಣ ಕೇಳುವ ನೋಟಿಸ್ ಕೊಡಲಾಗಿ, ಅವರು ನೀಡಿದ ಹೇಳಿಕೆ ಯಥಾವತ್ತಾಗಿ ಇಂತಿದೆ: "ಬೀಳಾನ ಅಂತ್ಲೇ ಇದ್ದೆ ಸಾರ್, ದೇವ್ರಾಣೆ. ಪ್ರೇಮಲೀಲಾ ಮೇಡಮ್ಮು ನೆರಿಗೆ ಎತ್ಕೊಂಡು, ಜಾಗ ನೋಡ್ಕೊಂಡು, ನಿಧಾನಕ್ಕೆ ಮಲಿಕ್ಕೊಂಡ್ಬುಟ್ರು. ನಗು ಬಂದ್ಬುಡ್ತು ಕಣ್ ಸಾರ್. ನಗ್ತಾ ನಗ್ತಾ ಎಂಗೆ ಬೀಳ್ಲಿ?"

5. ತಗುಲದ ಗುದ್ದಿನ ವೇಗವು ಗುದ್ದಿದವನನ್ನೇ ಎಳೆದೊಯ್ಯುತ್ತದೆ ಎಂಬುದು ವಿಜ್ಞಾನ. ಅದರಂತೆ ಮಾನ್ಯ ನಿರ್ದೇಶಕರು ಒಂದು ಸುತ್ತು ಸುತ್ತಿ, ಮೈದಾನದ ನೆಲವನ್ನು ಖುದ್ದು ಪರಿಶೀಲಿಸಿದರು. ಇದನ್ನು ಬಿದ್ದರು ಎಂದು ಯಾರೂ ಹೇಳತಕ್ಕದ್ದಲ್ಲ. ಸಿಬ್ಬಂದಿಯೆಲ್ಲ ಕಣ್ಣು ಮುಚ್ಚಿ ಮಲಗಿದ್ದರಿಂದ ಇದನ್ನು ಕಂಡವರು ಚೆಲುವಯ್ಯ ಒಬ್ಬರೇ.

ಆದ್ದರಿಂದ ಇನ್ನು ಮುಂದೆ:

(ಅ) ಮಾನ್ಯರು ಕೈ ಎತ್ತಿದೊಡನೆ ಸಿಬ್ಬಂದಿ ಬೀಳತಕ್ಕದ್ದು. ಫ್ಯಾನಿನ ಸ್ವಿಚ್ ಹಾಕಲು ಎತ್ತಿದಾಗ ಬೀಳುವುದು ಅವರವರ ಇಷ್ಟ.

(ಆ) ತನಗಿಂತ ಹಿರಿಯ ನೌಕರನನ್ನು ಮೀರಿ ಯಾರೂ ದೂರ ಹಾರತಕ್ಕದ್ದಲ್ಲ. ಹಿರಿಯರ ಮೇಲೆ ಬೀಳಬೇಕಾದಲ್ಲಿ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು.

(ಇ) ನಗು ಬಂದವರು ಮೊದಲು ಬಿದ್ದು, ಅನಂತರ ಮುಖವನ್ನು ನೆಲಕ್ಕೆ ಮಾಡಿ ನಗತಕ್ಕದ್ದು.

(ಈ) ಶ್ರೀ ಚೆಲುವಯ್ಯ ಅವರು ಶನಿವಾರದಿಂದ ಪೂರ್ವಾನ್ವಯವಾಗುವಂತೆ ಬಿದ್ದಿರುವುದಾಗಿ ಪರಿಗಣಿಸಲಾಗಿದೆ. ತಾವು ಬಿದ್ದಿದ್ದಾಗಿಯೂ, ಏನನ್ನೂ ನೋಡಿಲ್ಲವೆಂದೂ ಬರೆದುಕೊಟ್ಟ ಕ್ಷಣವೇ ಬಡ್ತಿ ಕಡತಕ್ಕೆ ಸಹಿಯಾಗುವುದು.

ಇದನ್ನು ತಿಳಿಸಲಾಗಿ, ಸದರಿಯವರು ಓಡೋಡಿ ಬಂದು, ಖುಷಿಯಿಂದ ಪೆನ್ನು ಹಿಡಿದು, ಮುಕ್ಕಾಲು ಪಾಲು ಬರೆದು, ತಲೆಯೆತ್ತಿ ಮಾನ್ಯರನ್ನು ಹೀಗೆ ಕೇಳಿರುತ್ತಾರೆ: "ಬಿದ್ದೆ ಅಂತ ಬರ್ದೆ ಸಾರ್. ಏನೂ ನೋಡಿಲ್ಲ ಅಂತ್ಲೂ ಬರ್ದೆ. ನಿಮ್ಮನ್ನ ಎತ್ತಿ ಕೂರಿಸಿದ್ದು ಯಾರು ಅಂತ ಬರೀಲಿ?"

ಸದರಿ ಪ್ರಶ್ನೆಯನ್ನು ಕಾನೂನು ಅಭಿಪ್ರಾಯಕ್ಕೆ ಕಳುಹಿಸಲಾಗಿದ್ದು, ಉತ್ತರ ಬರುವವರೆಗೆ ಚೆಲುವಯ್ಯನವರು ಬಾಗಿಲಲ್ಲೇ ನಿಂತಿರತಕ್ಕದ್ದು.

ಸಹಿ/-
ನಿರ್ದೇಶಕರು
(ಬಲ ಮಣಿಕಟ್ಟಿಗೆ ಕಟ್ಟು ಇರುವುದರಿಂದ ಎಡಗೈ ಸಹಿ)

ಪ್ರತಿಗಳು:
1. ಎಲ್ಲ ಶಾಖೆಗಳಿಗೆ, ಬೀಳುವ ಅಭ್ಯಾಸಕ್ಕಾಗಿ.
2. ಶ್ರೀಮತಿ ಪ್ರೇಮಲೀಲಾ, ಅಧೀಕ್ಷಕಿ, ಉಳಿದವರಿಗೆ ತರಬೇತಿ ನೀಡಲು.
3. ಶ್ರೀ ನಂಜಯ್ಯ, ಎದ್ದ ದಿನಾಂಕ ತಿಳಿಸಲು.
4. ಶ್ರೀ ಚೆಲುವಯ್ಯ, ದಲಾಯತ್, ಮೇಲಿನ ಪ್ರತಿಗಳನ್ನೆಲ್ಲ ಹಂಚಿಬರಲು.